ಮಾಲಿನ್ಯಕ್ಕೆ ತೆರಿಗೆ: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಮಾಲಿನ್ಯ, ತೆರಿಗೆ ಅಂತ ಎಲ್ಲಾದರೂ ಮಾತಾಡಿದರೆ ಸಾಕು, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಪತ್ರಗಳಲ್ಲಿ ಅವೇ ಪ್ರಶ್ನೆಗಳು ತಿರುತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಒಂದೇ ಪ್ರಶ್ನೆ ಓದಿದರೂ ಅರ್ಥವಾಗುತ್ತದೆ.

## ಮೊದಲು ತಿಳಿಯಬೇಕಾದ್ದು

ಮೇಷ್ಟ್ರೇ, ಮಾಲಿನ್ಯಕ್ಕೆ ತೆರಿಗೆ ಅಂದ್ರೆ ಏನು? ಈಗಿರೋ ತೆರಿಗೆಗಳೇ ಸಾಲದಾ?

ಅಡಿಕೆ ಸುಲಿಯುವ ಕಾಲದಲ್ಲಿ ಭದ್ರಾವತಿ, ಚನ್ನಗಿರಿ ಕಡೆ ಹೋಗಿದ್ದೀರಾ? ರಸ್ತೆ ಬದಿಯಲ್ಲಿ ಸಿಪ್ಪೆಯ ರಾಶಿ ಬಿದ್ದಿರುತ್ತದೆ. ಮಳೆ ಬಂದರೆ ಕೊಳೆತು ನಾರುತ್ತದೆ. ಬೆಂಕಿ ತಗುಲಿದರೆ ದಿನಗಟ್ಟಲೆ ಹೊಗೆಯಾಡುತ್ತದೆ, ಬೈಕಿನವರಿಗೆ ಮುಂದಿನ ದಾರಿಯೇ ಕಾಣುವುದಿಲ್ಲ. ಅಡಿಕೆ ಸುಲಿಸಿದವರು ಕೂಲಿ ಕೊಟ್ಟಿದ್ದಾರೆ, ಕರೆಂಟ್ ಬಿಲ್ ಕಟ್ಟಿದ್ದಾರೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟಿದ್ದಾರೆ. ಆದರೆ ಆ ಹೊಗೆ ಕುಡಿದ ಮನೆಯವರ ಔಷಧದ ಖರ್ಚು ಅವರ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆ ಬಿಲ್ ಬೇರೆಯವರ ಮನೆಗೆ ಹೋಗಿದೆ.

ಆ ಬಿಲ್ಲನ್ನು ತಿರುಗಿ ಮಾಡಿದವರ ಲೆಕ್ಕಕ್ಕೇ ತರುವುದು ಈ ತೆರಿಗೆಯ ಕೆಲಸ. ಸರಿಪಡಿಸುವ ತೆರಿಗೆ ಅಂತ ಕರೆಯೋಣ. ಮಾಮೂಲಿ ತೆರಿಗೆ ಹಾಕುವುದು ಸರ್ಕಾರದ ಖರ್ಚಿಗೆ ಹಣ ಬೇಕು ಅಂತ, ಇದನ್ನು ಹಾಕುವುದು ಜನ ಹಾನಿ ಕಮ್ಮಿ ಮಾಡಲಿ ಅಂತ. ಹಣ ಬರುತ್ತದೆ ನಿಜ, ಆದರೆ ಅದು ಎರಡನೇ ಮಾತು.

ಪಕ್ಕದ ಮನೆಯವನು ಜೋರಾಗಿ ಹಾಡು ಹಾಕಿದ್ರೂ ನನಗೆ ತೊಂದರೆ. ಅದಕ್ಕೂ ತೆರಿಗೆ ಹಾಕ್ತೀರಾ?

ಅದೂ ಅದೇ ಜಾತಿಯ ಸಮಸ್ಯೆ. ಒಬ್ಬರ ಕೆಲಸದ ಪರಿಣಾಮ, ಆ ವ್ಯವಹಾರದಲ್ಲಿ ಇಲ್ಲದ ಇನ್ನೊಬ್ಬರ ಮೇಲೆ ಬಿದ್ದು, ಅದಕ್ಕೆ ಯಾರೂ ಬೆಲೆ ಕಟ್ಟದೆ ಹೋದರೆ ಪಠ್ಯಪುಸ್ತಕ ಅದನ್ನು ‘ಬಾಹ್ಯತೆ’ ಅನ್ನುತ್ತದೆ. ಆದರೆ ಬಾಹ್ಯತೆ ಇದ್ದಲ್ಲೆಲ್ಲ ತೆರಿಗೆ ಬೇಕಿಲ್ಲ. ಹಾಡಿನ ವಿಷಯಕ್ಕೆ ಬಾಗಿಲು ತಟ್ಟಿ ‘ಸ್ವಲ್ಪ ಕಮ್ಮಿ ಮಾಡಿ’ ಅಂದರೆ ಸಾಕು. ತೆರಿಗೆ ಹಾಕುವುದಕ್ಕೂ ವಸೂಲಿ ಮಾಡುವುದಕ್ಕೂ ಖರ್ಚಿದೆ. ಹಾನಿಗಿಂತ ಆ ಖರ್ಚೇ ಜಾಸ್ತಿಯಾದರೆ ಸುಮ್ಮನಿರುವುದೇ ಸರಿ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಇದೆ. ನಿಮ್ಮ ಬೇಕರಿ ಎದುರಿಗೆ ಇನ್ನೊಂದು ಬೇಕರಿ ಬಂತು, ನಿಮ್ಮ ವ್ಯಾಪಾರ ಬಿತ್ತು. ನಷ್ಟ ಆಗಿದ್ದು ಹೌದು, ಆದರೆ ಅದಕ್ಕೆ ತೆರಿಗೆ ಕೇಳುವಂತಿಲ್ಲ. ನೀವು ಕಳೆದುಕೊಂಡದ್ದು ಗಿರಾಕಿಗೆ ಕಡಿಮೆ ಬೆಲೆಯಾಗಿ ಸಿಕ್ಕಿದೆ, ಊರಿಗೆ ಒಟ್ಟಾರೆ ನಷ್ಟವಿಲ್ಲ. ಹೊಗೆ ಹಾಗಲ್ಲ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ತೆರಿಗೆ ಯಾಕೆ ಸ್ವಾಮಿ? ಬ್ಯಾನ್ ಮಾಡಿದ್ರೆ ಮುಗೀತಲ್ಲ!

ಕೆಲವು ಕಡೆ ಬ್ಯಾನ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಮಕ್ಕಳ ಮೈಮೇಲೆ ಬೀಳುವ ಅಂಥ ವಿಷಕ್ಕೆ ‘ಲೀಟರಿಗೆ ಇಷ್ಟು ತೆರಿಗೆ ಕಟ್ಟಿ ಸಿಂಪಡಿಸಿ’ ಅನ್ನುವುದು ತಪ್ಪು. ಕುದುರೆಮುಖದ ಗಣಿಯೂ ಹಾಗೆಯೇ. ಭದ್ರೆಗೆ ಹೂಳು ಹರಿಯುತ್ತಿತ್ತು, ಕಾಡು ಒಮ್ಮೆ ಹೋದರೆ ಬರುವುದಿಲ್ಲ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ತಿರುಗಿ ಸರಿಮಾಡಲು ಆಗದ ಹಾನಿಗೆ ಬ್ಯಾನೇ ಸರಿ.

ಆದರೆ ನಮ್ಮ ಬದುಕಿನಲ್ಲಿ ಜಾಸ್ತಿ ಇರುವುದು ಇನ್ನೊಂದು ಥರದ ಹಾನಿ. ಬೈಕಿನ ಹೊಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಪಲ್ಪಿಂಗ್ ನೀರು, ಇಟ್ಟಿಗೆ ಗೂಡಿನ ಹೊಗೆ. ಇವು ಸೊನ್ನೆ ಆಗಬೇಕು ಅಂದರೆ ಬದುಕೇ ನಿಲ್ಲಬೇಕು. ಕಮ್ಮಿ ಆಗಬೇಕು, ಅಷ್ಟೇ. ಜೊತೆಗೆ ಬ್ಯಾನ್ ಅನ್ನುವುದು ಯಾರಾದರೂ ದಿನಾ ನೋಡಿಕೊಳ್ಳುತ್ತಿದ್ದರೆ ಮಾತ್ರ ಬ್ಯಾನ್. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ 2016ರಲ್ಲೇ ನಿಷೇಧ ಬಂತು. 2022ರ ಜುಲೈ 1ರಿಂದ ಇಡೀ ದೇಶದಲ್ಲಿ ಒಂದು ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ಬಂತು. ಇವತ್ತು ಸಂತೆಗೆ ಹೋಗಿ, ಮೀನು ಯಾವುದರಲ್ಲಿ ಕಟ್ಟಿಕೊಡುತ್ತಾರೆ ನೋಡಿ.

ದುಡ್ಡಿದ್ದೋರು ತೆರಿಗೆ ಕಟ್ಟಿ ಆರಾಮಾಗಿ ಹೊಲಸು ಮಾಡ್ತಾರೆ. ಇದು ಮಾಲಿನ್ಯಕ್ಕೆ ಲೈಸೆನ್ಸ್ ಕೊಟ್ಟ ಹಾಗೆ ಅಲ್ವಾ?

ಈ ಸಿಟ್ಟು ನನಗೆ ಅರ್ಥವಾಗುತ್ತದೆ, ಯಾಕೆಂದರೆ ನದಿ ಮಾರಾಟದ ವಸ್ತು ಅಲ್ಲ. ಆದರೆ ಈಗ ಏನಾಗುತ್ತಿದೆ ನೋಡಿ. ಸರ್ಕಾರ ಹಾಕಿದ ಮಿತಿಯೊಳಗೆ ಎಷ್ಟು ಬೇಕಾದರೂ ಬಿಡಬಹುದು, ಒಂದು ಪೈಸೆ ಕೊಡಬೇಕಿಲ್ಲ. ಅಂದರೆ ಲೈಸೆನ್ಸ್ ಈಗಾಗಲೇ ಇದೆ, ಅದೂ ಪುಕ್ಕಟೆ. ಮಿತಿಯೊಳಗೆ ಬಂದ ಕಾರ್ಖಾನೆಗೆ ಅದಕ್ಕಿಂತ ಕಮ್ಮಿ ಮಾಡಲು ಯಾವ ಕಾರಣವೂ ಇಲ್ಲ. ತೆರಿಗೆ ಇದ್ದರೆ ಕೊಳಕಿನ ಕೊನೆಯ ಕೆಜಿಗೂ ದುಡ್ಡು ಹೋಗುತ್ತದೆ, ಹಾಗಾಗಿ ಆ ಕೊನೆಯ ಕೆಜಿ ತಡೆಯುವ ಯೋಚನೆಯೂ ಬರುತ್ತದೆ.

ತೆರಿಗೆ ತೀರಾ ಕಮ್ಮಿ ಇಟ್ಟರೆ ಮಾತ್ರ ನಿಮ್ಮ ಮಾತು ಪೂರ್ತಿ ನಿಜ. ಆಗ ಅದು ಬರೀ ಲೈಸೆನ್ಸ್ ಫೀ.

ಇದನ್ನ ಮೊದಲು ಹೇಳಿದ್ದು ಯಾರು?

ಆರ್ಥರ್ ಪಿಗೂ, ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರೊಫೆಸರ್. 1920ರಲ್ಲಿ ವಿವರವಾಗಿ ಬರೆದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ರೈಲಿನದ್ದು: ಎಂಜಿನ್ನಿನಿಂದ ಕಿಡಿ ಹಾರಿ ಹಳಿ ಪಕ್ಕದ ಕಾಡು ಸುಡುತ್ತದೆ, ಆ ನಷ್ಟ ರೈಲಿನ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ. ಕಾಡಿನ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈಗಲೂ ಇಂಥದಕ್ಕೆ ಪಿಗೂ ತೆರಿಗೆ ಎಂದೇ ಹೆಸರು.

## ದುಡ್ಡು, ಲೆಕ್ಕ, ನ್ಯಾಯ

ತೆರಿಗೆ ಎಷ್ಟು ಅಂತ ಹೇಗೆ ಹೇಳ್ತೀರಿ? ತುಂಗೆ ನೀರಿಗೆ ರೇಟು ಕಟ್ಟೋಕಾಗುತ್ತಾ?

‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹೇಳಿಕೊಂಡು ಬೆಳೆದವರು ನಾವು. ಆ ನೀರಿಗೆ ರೂಪಾಯಿಯ ಲೆಕ್ಕ ಹಾಕುವುದು ಮನಸ್ಸಿಗೆ ಒಗ್ಗುವುದಿಲ್ಲ. ಆದರೆ ತೆರಿಗೆ ಕೇಳುವುದು ನದಿಯ ಬೆಲೆಯನ್ನಲ್ಲ. ಇನ್ನೊಂದು ಕೆಜಿ ಕೊಳಕು ಜಾಸ್ತಿ ಬಿದ್ದರೆ ಎಷ್ಟು ಹಾನಿ ಹೆಚ್ಚುತ್ತದೆ, ಅದನ್ನು ಮಾತ್ರ ಕೇಳುತ್ತದೆ. ಕೆಳಗಿನ ಊರಿನಲ್ಲಿ ನೀರು ಶುದ್ಧ ಮಾಡಲು ಜಾಸ್ತಿಯಾದ ಖರ್ಚು, ಕಾಯಿಲೆ ಬಿದ್ದವರ ಆಸ್ಪತ್ರೆ ಖರ್ಚು, ತಪ್ಪಿದ ಕೂಲಿ, ಸತ್ತ ಮೀನು. ಇವನ್ನು ಕೂಡಿಸಿ ಒಂದು ಅಂದಾಜಿಗೆ ಬರುತ್ತಾರೆ.

ಅಂದಾಜು ಕರಾರುವಾಕ್ಕಾಗಿ ಇರುವುದಿಲ್ಲ, ಒಪ್ಪುತ್ತೇನೆ. ಆದರೆ ಈಗ ನಾವು ಹಾಕಿರುವ ಬೆಲೆ ಸೊನ್ನೆ. ಹಾನಿ ಕೆಜಿಗೆ 8 ರೂಪಾಯಿಯೋ 12 ರೂಪಾಯಿಯೋ ಅಂತ ವಾದ ಮಾಡಬಹುದು, ಸೊನ್ನೆ ಅಂತೂ ಖಂಡಿತ ಅಲ್ಲ. ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಮೊದಲು ನದಿ ಎಷ್ಟು ಶುದ್ಧ ಇರಬೇಕು ಅಂತ ತೀರ್ಮಾನಿಸಿ, ಅಲ್ಲಿಗೆ ಮುಟ್ಟುವ ತನಕ ವರ್ಷ ವರ್ಷ ತೆರಿಗೆ ಏರಿಸುತ್ತಾ ಹೋಗುತ್ತಾರೆ. ನಮ್ಮಂಥ ಕಡೆ ಇದೇ ಸುಲಭ ಅನ್ನಿಸುತ್ತದೆ.

ಹಳೇ ಗಿರಣಿಗೂ ಹೊಸ ಗಿರಣಿಗೂ ಒಂದೇ ರೇಟು ಅಂದ್ರೆ ಅನ್ಯಾಯ ಅಲ್ವಾ? ಇಬ್ಬರಿಗೂ ‘ಅರ್ಧ ಕಮ್ಮಿ ಮಾಡಿ’ ಅಂತ ಹೇಳಬಹುದಲ್ಲ?

ಕಾಗದ ಪೆನ್ನು ತಗೊಳ್ಳಿ, ಒಂದು ಕಲ್ಪನೆಯ ಲೆಕ್ಕ ಮಾಡೋಣ. ಒಂದೇ ಹಳ್ಳದ ದಂಡೆಯಲ್ಲಿ ಎರಡು ಗಿರಣಿ. ಎರಡೂ ದಿನಕ್ಕೆ 100 ಕೆಜಿ ಕೊಳಕು ಬಿಡುತ್ತವೆ. ಹೊಸ ಗಿರಣಿಗೆ ಒಂದು ಕೆಜಿ ತಡೆಯಲು 5 ರೂಪಾಯಿ ಸಾಕು. ಹಳೆಯದರ ಯಂತ್ರ ಹಳೆಯದು, ಅದಕ್ಕೆ 20 ರೂಪಾಯಿ ಬೇಕು. ಹಳ್ಳಕ್ಕೆ ಒಟ್ಟು 100 ಕೆಜಿ ಕಮ್ಮಿ ಆಗಬೇಕು.

ಇಬ್ಬರಿಗೂ ‘ಅರ್ಧ ನಿಲ್ಲಿಸಿ’ ಅಂದರೆ ಹೊಸದಕ್ಕೆ 250 ರೂಪಾಯಿ, ಹಳೆಯದಕ್ಕೆ 1000 ರೂಪಾಯಿ, ಒಟ್ಟು 1250 ರೂಪಾಯಿ ಖರ್ಚು. ಅದರ ಬದಲು ಕೆಜಿಗೆ 12 ರೂಪಾಯಿ ತೆರಿಗೆ ಹಾಕಿ. ಹೊಸ ಗಿರಣಿಯವರು 12 ಕೊಡುವ ಬದಲು 5 ಖರ್ಚು ಮಾಡಿ ಪೂರ್ತಿ 100 ಕೆಜಿ ತಡೆಯುತ್ತಾರೆ. ಖರ್ಚು 500 ರೂಪಾಯಿ. ಹಳೆಯವರಿಗೆ 20 ಖರ್ಚು ಮಾಡುವುದಕ್ಕಿಂತ 12 ಕಟ್ಟುವುದೇ ಮೇಲು, ದಿನಕ್ಕೆ 1200 ರೂಪಾಯಿ ತೆರಿಗೆ ಕಟ್ಟುತ್ತಾರೆ. ಹಳ್ಳಕ್ಕೆ ಕಮ್ಮಿಯಾದದ್ದು ಅದೇ 100 ಕೆಜಿ, ತಡೆಯಲು ಆದ ಖರ್ಚು ಮಾತ್ರ 1250ರ ಬದಲು 500. ಆ 1200 ರೂಪಾಯಿ ಎಲ್ಲೂ ನಾಶವಾಗಿಲ್ಲ, ಖಜಾನೆಗೆ ಬಂದಿದೆ, ಊರಿಗೆ ಬಳಸಬಹುದು.

ಇನ್ನೂ ಒಂದಿದೆ. ದಿನಾ 1200 ಕಟ್ಟುವ ಹಳೆಯ ಗಿರಣಿಯವರು ಸುಮ್ಮನೆ ಕೂರುವುದಿಲ್ಲ. ತಡೆಯುವ ಖರ್ಚನ್ನು 12 ರೂಪಾಯಿಗಿಂತ ಕೆಳಗೆ ಇಳಿಸುವ ಯಂತ್ರ ಎಲ್ಲಿ ಸಿಗುತ್ತದೆ ಅಂತ ಹುಡುಕಲು ಶುರು ಮಾಡುತ್ತಾರೆ. ಯಾವ ಗಿರಣಿಗೆ ಎಷ್ಟು ಖರ್ಚು ಅಂತ ಅಧಿಕಾರಿಗೆ ಗೊತ್ತಿರಬೇಕಾದ ಅಗತ್ಯವೂ ಇಲ್ಲಿ ಇಲ್ಲ. ಅದು ಗಿರಣಿಯವರಿಗೇ ಗೊತ್ತು.

ಆದರೆ ಎಚ್ಚರ. ಹಳೆಯ ಗಿರಣಿ ಶಾಲೆಯ ಪಕ್ಕದಲ್ಲೇ ಇದ್ದರೆ? ಒಟ್ಟು ಲೆಕ್ಕ ಚೆನ್ನಾಗಿದ್ದರೂ ಆ ಮಕ್ಕಳಿಗೆ ಏನೂ ಬದಲಾಗಲಿಲ್ಲ. ಅಂಥ ಜಾಗದಲ್ಲಿ ತೆರಿಗೆಯ ಜೊತೆಗೆ ಕಡ್ಡಾಯದ ಮಿತಿಯೂ ಇರಲೇಬೇಕು.

ಕಾರ್ಖಾನೆಯವರು ಆ ತೆರಿಗೇನೂ ರೇಟಿಗೆ ಸೇರಿಸಿ ನಮ್ಮ ತಲೆ ಮೇಲೇ ಹಾಕ್ತಾರಲ್ಲ?

ಸ್ವಲ್ಪ ಹಾಕುತ್ತಾರೆ. ಅದು ಈ ತೆರಿಗೆಯ ಉದ್ದೇಶದ ಭಾಗವೇ. ಹೊಗೆ ಜಾಸ್ತಿ ಬಿಟ್ಟು ತಯಾರಾದ ಸಿಮೆಂಟ್ ದುಬಾರಿಯಾದರೆ, ಕಮ್ಮಿ ಹೊಗೆಯ ಸಿಮೆಂಟಿಗೆ ಗಿರಾಕಿ ತಿರುಗುತ್ತಾರೆ. ಎಷ್ಟು ದಾಟಿಸಬಹುದು ಅನ್ನುವುದು ಗಿರಾಕಿಗೆ ಬೇರೆ ದಾರಿ ಇದೆಯಾ ಅನ್ನುವುದರ ಮೇಲೆ ನಿಂತಿದೆ. ಬೇರೆ ದಾರಿ ಇದ್ದರೆ ಮಾರುವವರೇ ನುಂಗಿಕೊಳ್ಳಬೇಕು.

ನಮ್ಮ ಕಡೆ ಇದರ ತಿರುಗುಮುರುಗು ಒಂದಿದೆ, ಅದು ಮರೆತುಹೋಗುತ್ತದೆ. ಅಡಿಕೆ ಬೆಳೆಗಾರ ರೇಟು ಹೇಳುವವನಲ್ಲ, ಮಂಡಿ ಹೇಳಿದ ರೇಟು ಕೇಳುವವನು. ಕ್ವಿಂಟಾಲಿಗೆ ಇಷ್ಟು ಅಂತ ಅಡಿಕೆ ಮೇಲೆ ತೆರಿಗೆ ಹಾಕಿದರೆ ಬಹುಪಾಲು ಅವನ ಮೇಲೇ ಕೂರುತ್ತದೆ. ಸಿಪ್ಪೆಯನ್ನು ತೋಟಕ್ಕೆ ಹಾಕಿ ಗೊಬ್ಬರ ಮಾಡುವವನೂ, ರಸ್ತೆಗೆ ಸುರಿಯುವವನೂ ಒಂದೇ ತೆರಿಗೆ ಕಟ್ಟುತ್ತಾರೆ. ಹಾಗಾಗಿ ನಾನು ಹೋದಲ್ಲೆಲ್ಲ ಹೇಳುವುದು ಇದನ್ನೇ: ತೆರಿಗೆಯನ್ನು ಹಾನಿಗೇ ಕಟ್ಟಬೇಕು, ಕೈಗೆ ಸುಲಭವಾಗಿ ಸಿಗುವ ವಸ್ತುವಿಗೆ ಕಟ್ಟಬಾರದು.

ಬಡವರ ಗತಿ ಏನು? ಪೆಟ್ರೋಲ್ ಜಾಸ್ತಿ ಆದ್ರೆ ಸಾಯೋದು ನಾವೇ.

ಈ ಪ್ರಶ್ನೆಗೆ ಉತ್ತರ ಕೊಡದೆ ತೆರಿಗೆ ಹಾಕಿದ ಸರ್ಕಾರಗಳು ಪೆಟ್ಟು ತಿಂದಿವೆ. 2018ರಲ್ಲಿ ಫ್ರಾನ್ಸಿನಲ್ಲಿ ಹಳದಿ ಜಾಕೆಟ್ ತೊಟ್ಟು ಜನ ರಸ್ತೆಗಿಳಿದರು. ಬಸ್ಸು ರೈಲು ಚೆನ್ನಾಗಿಲ್ಲದ ಹಳ್ಳಿ, ಸಣ್ಣ ಊರುಗಳ ಜನ ಅವರಲ್ಲಿ ತುಂಬಾ ಇದ್ದರು. ಕೆಲಸಕ್ಕೆ ಹೋಗಲು ಕಾರೇ ಗತಿ. 2019ರ ಜನವರಿಗೆ ಬರಬೇಕಿದ್ದ ಇಂಧನ ತೆರಿಗೆ ಏರಿಕೆಯನ್ನು ಸರ್ಕಾರ ಕೈಬಿಟ್ಟಿತು.

ಮಲೆನಾಡಿನವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ಹೊಸನಗರ, ತೀರ್ಥಹಳ್ಳಿ ಕಡೆ ಒಂಟಿ ಮನೆಗಳು. ಹಾಲು ಹಾಕಲು, ಮಗುವನ್ನು ಶಾಲೆಗೆ ಬಿಡಲು, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬೈಕ್ ಬೇಕೇ ಬೇಕು. ಬಸ್ ದಿನಕ್ಕೆ ಎರಡು ಸಲ ಬಂದರೆ ಪುಣ್ಯ. ಅವರಿಗೆ ಪೆಟ್ರೋಲ್ ದುಬಾರಿ ಮಾಡಿದರೆ ಅವರು ಓಡಾಟ ಬಿಡಲಾರರು, ಬೇರೆ ಯಾವುದಾದರೂ ಖರ್ಚು ಬಿಡುತ್ತಾರೆ.

ದಾರಿ ಇದೆ. ಬಂದ ಹಣವನ್ನು ತಲೆಗಿಷ್ಟು ಅಂತ ಸಮನಾಗಿ ವಾಪಸ್ ಹಂಚುವುದು. ಶ್ರೀಮಂತರು ಜಾಸ್ತಿ ಸುಡುತ್ತಾರೆ, ಜಾಸ್ತಿ ಕಟ್ಟುತ್ತಾರೆ. ವಾಪಸ್ ಬರುವುದು ಎಲ್ಲರಿಗೂ ಒಂದೇ. ಹಾಗಾಗಿ ಬಡ ಮನೆಗಳಲ್ಲಿ ಹೆಚ್ಚಿನವು ಕಟ್ಟಿದ್ದಕ್ಕಿಂತ ಜಾಸ್ತಿ ಪಡೆಯುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2008ರಲ್ಲಿ, ಇಂಧನ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡಿಗೆ ಟನ್ನಿಗೆ 10 ಡಾಲರ್ ಇಂಗಾಲ ತೆರಿಗೆ ಶುರು ಮಾಡಿ, ಬಂದ ಹಣವನ್ನು ಬೇರೆ ತೆರಿಗೆ ಇಳಿಸಲು ಬಳಸಿತು. ಆದರೂ ಕೆನಡಾದಲ್ಲಿ 2025ರ ಏಪ್ರಿಲ್‌ನಲ್ಲಿ ಸಾಮಾನ್ಯ ಜನರ ಇಂಧನದ ಮೇಲಿನ ಇಂಗಾಲ ಶುಲ್ಕ ನಿಂತೇ ಹೋಯಿತು. ಅಲ್ಲಿ ಮನೆಗಳಿಗೆ ಹಣ ವಾಪಸ್ ಬರುತ್ತಿತ್ತು. ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡು ಕಣ್ಣಿಗೆ ಕಾಣುತ್ತದೆ, ಬ್ಯಾಂಕ್ ಖಾತೆಗೆ ಬಂದದ್ದು ಅಷ್ಟಾಗಿ ಕಾಣುವುದಿಲ್ಲ. ನಾವು ಮಾಡುವುದಾದರೆ ಮೊದಲು ಕೈಗೆ ಹಣ ಕೊಡಬೇಕು, ಆಮೇಲೆ ತೆರಿಗೆ ಹಾಕಬೇಕು. ಜೊತೆಗೆ ಬಸ್ ಬಿಡಬೇಕು.

ತೆರಿಗೆ ಹೋಗೋದು ಸರ್ಕಾರಕ್ಕೆ, ನಷ್ಟ ಆಗಿದ್ದು ನಮಗೆ. ನಮಗೇನು ಸಿಗುತ್ತೆ?

ನೇರವಾಗಿ ಹೇಳುತ್ತೇನೆ: ತೆರಿಗೆಯಿಂದ ತಾನಾಗಿಯೇ ನಿಮಗೆ ಏನೂ ಸಿಗುವುದಿಲ್ಲ. ಮುಂದಿನ ಹಾನಿ ಕಮ್ಮಿ ಮಾಡುವುದು ಅದರ ಕೆಲಸ. ಆಗಿಹೋದ ನಷ್ಟಕ್ಕೆ ಪರಿಹಾರ ಬೇರೆಯೇ ಕೆಲಸ, ಅದಕ್ಕೆ ಕಾನೂನು ಬೇಕು. ವೆಲ್ಲೂರಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ‘ಮಲಿನ ಮಾಡಿದವನೇ ತೆರಬೇಕು’ ಅನ್ನುವ ತತ್ವವನ್ನು ದೇಶದ ಕಾನೂನಿನ ಭಾಗ ಅಂತ ಒಪ್ಪಿತು. ನೊಂದವರಿಗೆ ಪರಿಹಾರ, ಕೆಟ್ಟ ಪರಿಸರ ಸರಿಮಾಡುವ ಖರ್ಚು, ಎರಡೂ ಅದರಲ್ಲಿ ಸೇರಿವೆ.

ಶರಾವತಿ ನೆನಪಾಗದೆ ಇರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಾಡಿಗೆಲ್ಲ ದೀಪ ಹತ್ತಿತು. ಊರು, ಗದ್ದೆ, ತೋಟ, ದೇವಸ್ಥಾನ ಬಿಟ್ಟು ಬಂದ ಕುಟುಂಬಗಳ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಆ ಕರೆಂಟಿನ ಒಂದೊಂದು ಯೂನಿಟ್ಟಿನ ಬೆಲೆಯಲ್ಲೂ ಅವರ ಪಾಲು ಸೇರಬೇಕಿತ್ತು. ಸೇರಲಿಲ್ಲ. ಇದನ್ನು ತೆರಿಗೆಯ ಪಾಠದಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಸಾಗರದ ಕಡೆಯ ಒಂದಿಬ್ಬರು ಮಕ್ಕಳಾದರೂ ತಲೆ ತಗ್ಗಿಸಿ ಕೂತಿರುತ್ತಾರೆ.

ನಮ್ಮ ದೇಶದಲ್ಲಿ ಇಂಥ ತೆರಿಗೆ ಇದೆಯಾ?

ಹತ್ತಿರದ್ದು ಇತ್ತು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್, ಅಂದರೆ ಒಂದು ಉದ್ದೇಶಕ್ಕೆ ಅಂತ ಹಾಕುವ ತೆರಿಗೆ, ಬಂತು. 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400. ಶುದ್ಧ ಇಂಧನಕ್ಕೆ ಅಂತ ಒಂದು ನಿಧಿಯನ್ನೂ ಮಾಡಿದ್ದರು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೇ 400 ರೂಪಾಯಿ, ಜಿಎಸ್‌ಟಿಯಿಂದ ಆದಾಯ ಕಳೆದುಕೊಂಡ ರಾಜ್ಯಗಳಿಗೆ ಪರಿಹಾರ ಕೊಡುವ ಸೆಸ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ ತೆಗೆದು, ಕಲ್ಲಿದ್ದಲಿನ ಜಿಎಸ್‌ಟಿಯನ್ನು 5ರಿಂದ 18 ಪರ್ಸೆಂಟಿಗೆ ಏರಿಸಿದರು.

ಮೇಲುನೋಟಕ್ಕೆ ಬರೀ ಹೆಸರು ಬದಲಾದ ಹಾಗೆ ಕಾಣುತ್ತದೆ. ಹಾಗಲ್ಲ. ಟನ್ನಿಗೆ 400 ಅಂದಾಗ ಅಗ್ಗದ, ಬೂದಿ ಜಾಸ್ತಿ ಇರುವ ಕಲ್ಲಿದ್ದಲಿಗೆ ತೆರಿಗೆಯ ಭಾರ ಜಾಸ್ತಿ. ಬೆಲೆಯ ಮೇಲೆ ಪರ್ಸೆಂಟ್ ಅಂದಾಗ ಒಳ್ಳೆಯ, ದುಬಾರಿ ಕಲ್ಲಿದ್ದಲೇ ಜಾಸ್ತಿ ಕಟ್ಟುತ್ತದೆ. ಹೊಗೆಗೆ ಅಂಟಿದ್ದ ತೆರಿಗೆ ಬೆಲೆಗೆ ಅಂಟಿತು. ನನ್ನ ಮಟ್ಟಿಗೆ ಇದು ಹಿಂದಿಟ್ಟ ಹೆಜ್ಜೆ.

ಇನ್ನು 15 ವರ್ಷ ದಾಟಿದ ಬೈಕ್ ಕಾರುಗಳ ಆರ್‌ಸಿ ನವೀಕರಿಸುವಾಗ ಕಟ್ಟುವ ಹಸಿರು ತೆರಿಗೆ ಇದೆ. ಅದು ವಾಹನದ ವಯಸ್ಸಿಗೆ ಬೀಳುತ್ತದೆ, ಓಡಿದ ಕಿಲೋಮೀಟರಿಗಲ್ಲ. ಕೊಟ್ಟಿಗೆಯಲ್ಲಿ ನಿಂತ ಹಳೆಯ ಸ್ಕೂಟರಿಗೂ ದಿನಾ ಓಡುವುದಕ್ಕೂ ಒಂದೇ.

ನದಿಗೆ ಚರಂಡಿ ಬಿಡೋದು ಊರಿನ ಆಡಳಿತವೇ. ಸರ್ಕಾರವೇ ಹೊಲಸು ಮಾಡಿದ್ರೆ ತೆರಿಗೆ ಯಾರು ಹಾಕೋದು?

ಇಲ್ಲಿ ತೆರಿಗೆ ಸೋಲುತ್ತದೆ. ಲಾಭ ನಷ್ಟ ನೋಡಿಕೊಂಡು ನಡೆಯುವವರಿಗೆ ಬೆಲೆ ಚುಚ್ಚುತ್ತದೆ. ಒಂದು ಇಲಾಖೆಯ ಹಣ ಇನ್ನೊಂದಕ್ಕೆ ಹೋದರೆ ಯಾರಿಗೂ ಚುಚ್ಚುವುದಿಲ್ಲ. 1977ರಲ್ಲಿ ನೀರಿನ ಸೆಸ್ ಕಾಯ್ದೆ ಬಂದಿತ್ತು, ಕಾರ್ಖಾನೆಗಳೂ ಸ್ಥಳೀಯ ಸಂಸ್ಥೆಗಳೂ ಕಟ್ಟಬೇಕಿತ್ತು. ಆದರೆ ಅದು ಬಿಟ್ಟ ಕೊಳಕಿನ ಮೇಲೆ ಇರಲಿಲ್ಲ, ಬಳಸಿದ ನೀರಿನ ಮೇಲೆ ಇತ್ತು. ಅದೂ ಸಾವಿರ ಲೀಟರಿಗೆ ಪೈಸೆಗಳ ಲೆಕ್ಕ. 2017ರಲ್ಲಿ ಅದೂ ಹೋಯಿತು. ಚರಂಡಿ ನೀರಿಗೆ ಬೇಕಾದ್ದು ಶುದ್ಧೀಕರಣ ಘಟಕ, ಅದನ್ನು ದಿನಾ ಓಡಿಸುವ ಹಣ, ಜೊತೆಗೆ ಪ್ರಶ್ನೆ ಕೇಳುವ ಜನ. 2010ರಿಂದ ಪರಿಸರದ ಪ್ರಕರಣ ನೋಡುವ ಹಸಿರು ನ್ಯಾಯಮಂಡಳಿ ಇದೆ, ಅಲ್ಲಿಗೆ ಹೋಗಬಹುದು.

## ಇನ್ನೂ ಆಳಕ್ಕೆ

ಅಕ್ಕಪಕ್ಕದವರೇ ಕೂತು ಮಾತಾಡಿ ಬಗೆಹರಿಸ್ಕೊಂಡ್ರೆ ಸರ್ಕಾರ ಯಾಕೆ ಬೇಕು?

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರಲ್ಲಿ ಇದನ್ನೇ ಕೇಳಿದರು, 1991ರಲ್ಲಿ ಅವರಿಗೆ ನೊಬೆಲ್ ಬಂತು. ಯಾರಿಗೆ ಯಾವ ಹಕ್ಕಿದೆ ಅನ್ನುವುದು ಸ್ಪಷ್ಟವಾಗಿದ್ದು, ಚೌಕಾಸಿಗೆ ಖರ್ಚಿಲ್ಲದಿದ್ದರೆ, ಇಬ್ಬರೂ ತಾವೇ ಒಳ್ಳೆಯ ದಾರಿ ಕಂಡುಕೊಳ್ಳುತ್ತಾರೆ ಅನ್ನುವುದು ಅವರ ವಾದದ ತಿರುಳು. ಒಬ್ಬರು ಅಡಿಕೆ ಬೇಯಿಸಿದ ನೀರನ್ನು ಬಿಟ್ಟು ಕೆಳಗಿನವರ ಗದ್ದೆ ಹಾಳಾದರೆ, ಇಬ್ಬರೇ ಇರುವುದರಿಂದ ಜಗಲಿಯಲ್ಲಿ ಕೂತು ಮುಗಿಸಬಹುದು. ನಮ್ಮ ಹಳ್ಳಿಗಳಲ್ಲಿ ಎಷ್ಟೋ ವ್ಯಾಜ್ಯ ಹಾಗೇ ಮುಗಿದಿವೆ.

ಆದರೆ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಸೇರಿ, ಹೊನ್ನಾಳಿ, ಹರಿಹರ, ಹಂಪಿ ದಾಟಿ ಕೃಷ್ಣೆಗೆ ಹೋಗುತ್ತಾಳೆ. ಮೇಲೆ ಬಿಡುವವರು ಸಾವಿರಾರು, ಕೆಳಗೆ ಕುಡಿಯುವವರು ಲಕ್ಷಾಂತರ. ಯಾವ ಜಗಲಿಯಲ್ಲಿ ಕೂರಿಸುತ್ತೀರಿ? ಹುಟ್ಟದ ಮೊಮ್ಮಕ್ಕಳ ಪರವಾಗಿ ಯಾರು ಮಾತಾಡುತ್ತಾರೆ?

ಹೊರಗಡೆ ದೇಶದಲ್ಲಿ ನಿಜವಾಗ್ಲೂ ಕೆಲಸ ಮಾಡಿದೆಯಾ?

ಐರ್ಲೆಂಡ್ 2002ರ ಮಾರ್ಚಿನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಹಾಕಿತು. ತಲೆಗೆ ವರ್ಷಕ್ಕೆ ಸುಮಾರು 328 ಚೀಲ ಇದ್ದದ್ದು 21ಕ್ಕೆ ಇಳಿಯಿತು. ಜನಕ್ಕೆ ಅಭ್ಯಾಸವಾಗಿ ನಿಧಾನಕ್ಕೆ ಮತ್ತೆ ಏರತೊಡಗಿದಾಗ 2007ರಲ್ಲಿ 22 ಸೆಂಟ್ ಮಾಡಿದರು. ಒಮ್ಮೆ ಹಾಕಿ ಮರೆಯುವ ತೆರಿಗೆ ಸವೆದುಹೋಗುತ್ತದೆ ಅನ್ನುವುದನ್ನು ಇಲ್ಲಿ ಗಮನಿಸಿ.

ಸ್ಟಾಕ್‌ಹೋಮ್ ನಗರದ ಕಥೆ ನನಗೆ ಇಷ್ಟ. 2006ರಲ್ಲಿ ಕೆಲವು ತಿಂಗಳು ಪ್ರಯೋಗಕ್ಕೆ ಅಂತ ನಗರದ ಒಳಗೆ ಬರುವ ವಾಹನಗಳಿಗೆ ಶುಲ್ಕ ಹಾಕಿದರು. ಗಡಿ ದಾಟುವ ವಾಹನ ಸುಮಾರು 20 ಪರ್ಸೆಂಟ್ ಇಳಿಯಿತು. ಮೊದಲು ವಿರೋಧಿಸಿದ್ದ ಜನ, ಖಾಲಿ ರಸ್ತೆ ನೋಡಿದ ಮೇಲೆ ಮತ ಹಾಕಿ ಒಪ್ಪಿದರು. 2007ರಿಂದ ಅದು ಕಾಯಂ. ಇತ್ತ ಆಸ್ಟ್ರೇಲಿಯಾ 2012ರಲ್ಲಿ ಇಂಗಾಲಕ್ಕೆ ಬೆಲೆ ಹಾಕಿ 2014ರಲ್ಲೇ ತೆಗೆದುಹಾಕಿತು. ಲೆಕ್ಕ ಸರಿಯಿದ್ದರೂ ಜನ ಒಪ್ಪದಿದ್ದರೆ ನಿಲ್ಲುವುದಿಲ್ಲ.

ಹೊಗೇನ ಅಳೆಯೋದು ಯಾರು? ರಾತ್ರಿ ಹೊತ್ತು ಬಿಟ್ರೆ ಏನು ಮಾಡ್ತೀರಿ?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದೇ. ದೊಡ್ಡ ಕಾರ್ಖಾನೆಯ ಚಿಮಣಿಗೆ ಮೀಟರ್ ಹಾಕಬಹುದು. ಸ್ವೀಡನ್ 1992ರಲ್ಲಿ ಬಾಯ್ಲರುಗಳಿಂದ ಬರುವ ಸಾರಜನಕದ ಆಕ್ಸೈಡುಗಳಿಗೆ ಹೀಗೇ ಮಾಡಿತು. ಮೀಟರ್ ಲೆಕ್ಕದಲ್ಲಿ ಶುಲ್ಕ ತಗೊಂಡು, ಆ ಹಣವನ್ನು ತಯಾರಿಸಿದ ಶಕ್ತಿಯ ಲೆಕ್ಕದಲ್ಲಿ ಅದೇ ಕಾರ್ಖಾನೆಗಳಿಗೆ ವಾಪಸ್ ಕೊಟ್ಟಿತು. ಕಮ್ಮಿ ಹೊಗೆಯವರಿಗೆ ಲಾಭ, ಜಾಸ್ತಿ ಹೊಗೆಯವರಿಗೆ ನಷ್ಟ.

ಚಿಕ್ಕ ಚಿಕ್ಕ ಜಾಗಗಳಲ್ಲಿ ಮೀಟರ್ ಆಗದು. ಅಲ್ಲಿ ಠೇವಣಿ ಉಪಾಯ ಬರುತ್ತದೆ. ನಮ್ಮ ದಕ್ಷಿಣಕ್ಕಿರುವ ನೀಲಗಿರಿಯಲ್ಲಿ 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಳ್ಳುತ್ತಾರೆ, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ಕಾಡಿನಲ್ಲಿ ಒಡೆದ ಗಾಜು ಆನೆಯ ಕಾಲಿಗೆ ಚುಚ್ಚುತ್ತದೆ, ಅದಕ್ಕೇ ಇದು. ಎಸೆದವನನ್ನು ಹಿಡಿಯಬೇಕಾಗಿಲ್ಲ, ಎಸೆದದ್ದನ್ನು ಬೇರೆ ಯಾರೋ ಹೆಕ್ಕಿ ತಂದು ದುಡ್ಡು ಮಾಡಿಕೊಳ್ಳುತ್ತಾರೆ. ಆಗುಂಬೆ, ಜೋಗದ ಕಡೆ ಬಾಟಲಿ ಬಿದ್ದಿರುವುದನ್ನು ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಗೊಬ್ಬರಕ್ಕೆ ಸಬ್ಸಿಡಿ ಕೊಡ್ತಾರಲ್ಲ, ಅದು ಇದರ ಉಲ್ಟಾ ಅಲ್ವಾ?

ಹೌದು, ಸರಿಯಾಗಿ ಹಿಡಿದಿರಿ. 45 ಕೆಜಿ ಯೂರಿಯಾ ಚೀಲಕ್ಕೆ ತೆರಿಗೆ, ಬೇವಿನ ಲೇಪದ ಖರ್ಚು ಬಿಟ್ಟು 242 ರೂಪಾಯಿ. ನಿಜವಾದ ಖರ್ಚು ಅದರ ಎಷ್ಟೋ ಪಟ್ಟು. ಅಗ್ಗ ಅಂತ ಜಾಸ್ತಿ ಸುರಿಯುತ್ತೇವೆ, ಮಳೆಗೆ ಕೊಚ್ಚಿ ಹಳ್ಳ ಸೇರುತ್ತದೆ. ಹಾನಿಗೆ ತೆರಿಗೆ ಹಾಕುವ ಮೊದಲು ಹಾನಿಗೆ ಕೊಡುವ ಸಹಾಯಧನ ನಿಲ್ಲಿಸಬೇಕು. ಆದರೆ ಆ ಹಣ ರೈತನಿಂದ ಕಿತ್ತುಕೊಳ್ಳುವುದಲ್ಲ, ಎಕರೆಗೆ ಇಷ್ಟು ಅಂತ ನೇರ ಅವನ ಕೈಗೆ ಕೊಟ್ಟು, ಗೊಬ್ಬರ ತನ್ನ ಬೆಲೆಗೆ ಸಿಗಲಿ.

ಮಾಲಿನ್ಯ ನಿಂತೇ ಹೋದ್ರೆ ಸರ್ಕಾರಕ್ಕೆ ಆದಾಯ ಎಲ್ಲಿಂದ?

ಸರಿಪಡಿಸುವ ತೆರಿಗೆ ಗೆದ್ದಷ್ಟೂ ಆದಾಯ ಇಳಿಯಬೇಕು. ಹಾಗಾಗಿ ಇದನ್ನು ನಂಬಿ ಬಜೆಟ್ ಮಾಡಬಾರದು. ಮದ್ಯದ ಸುಂಕ ನೋಡಿ. ಕುಡಿತ ಮನೆ ಹಾಳು ಮಾಡುತ್ತದೆ ಅಂತ ಸುಂಕ, ಆದರೆ ವರ್ಷ ವರ್ಷ ಅಬಕಾರಿ ಇಲಾಖೆಗೆ ವಸೂಲಿಯ ಗುರಿಯೂ ಇರುತ್ತದೆ. ಗುರಿ ಮುಟ್ಟಬೇಕೆಂದರೆ ಜನ ಕುಡಿಯಬೇಕು. ಕೂಲಿ ದುಡ್ಡು ಸಂಜೆಗೆ ಖಾಲಿಯಾಗುವ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ, ಇದು ನನಗೆ ತುಂಬಾ ನೋವು ಕೊಡುವ ವಿಷಯ.

ತೆರಿಗೆ ಬದಲು ‘ಒಟ್ಟು ಇಷ್ಟೇ ಹೊಗೆ’ ಅಂತ ಮಿತಿ ಹಾಕಿ, ಪರವಾನಗಿ ಮಾರಾಟಕ್ಕೆ ಬಿಟ್ರೆ?

ಅದೂ ಒಳ್ಳೆಯ ದಾರಿ. ತೆರಿಗೆಯಲ್ಲಿ ಬೆಲೆ ಗೊತ್ತು, ಎಷ್ಟು ಕಮ್ಮಿಯಾಗುತ್ತದೆ ಅಂತ ಗೊತ್ತಿಲ್ಲ. ಮಿತಿಯಲ್ಲಿ ಪ್ರಮಾಣ ಗೊತ್ತು, ಬೆಲೆ ಗೊತ್ತಿಲ್ಲ. ಒಂದು ಗೆರೆ ದಾಟಿದರೆ ಅನಾಹುತ ಅನ್ನುವ ಕಡೆ ಮಿತಿ ಮೇಲು, ಉಳಿದ ಕಡೆ ತೆರಿಗೆ ಸುಲಭ. ಸೂರತ್‌ನಲ್ಲಿ 2019ರಲ್ಲಿ ಕಾರ್ಖಾನೆಗಳ ಹೊಗೆಯ ಕಣಗಳಿಗೆ ಇಂಥ ಮಾರುಕಟ್ಟೆ ಶುರುವಾಯಿತು. ಭಾಗವಹಿಸಿದ ಕಾರ್ಖಾನೆಗಳ ಹೊಗೆ 20ರಿಂದ 30 ಪರ್ಸೆಂಟ್ ಇಳಿಯಿತು. ಅಲ್ಲಿ ಚಿಮಣಿಗೆ ಸತತ ಅಳೆಯುವ ಯಂತ್ರ ಕೂರಿಸಿದ್ದರು ಅನ್ನುವುದನ್ನು ಮರೆಯಬೇಡಿ.

ಒಳ್ಳೇದು ಮಾಡೋರಿಗೆ ಏನೂ ಇಲ್ವಾ?

ಇರಬೇಕು. ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಕಡಿಯದೆ ಉಳಿಸಿಕೊಂಡವರಿಂದ ಕೆಳಗಿನವರ ಬಾವಿಗೆ ನೀರು. ಜೇನು ಸಾಕಿದವರಿಂದ ಪಕ್ಕದವರ ಕಾಫಿಗೆ ಕಾಯಿ. ಇದಕ್ಕೂ ಯಾರೂ ದುಡ್ಡು ಕೊಡುವುದಿಲ್ಲ. ಇವರಿಗೆ ಸಹಾಯಧನ ಕೊಡುವುದು ಅದೇ ತೆರಿಗೆಯ ಇನ್ನೊಂದು ಮುಖ.

ಎಲ್ಲಾ ಸರಿ. ನಮ್ಮ ಅಡಿಕೆ ಸಿಪ್ಪೆಗೆ ನೀವಾದ್ರೆ ಏನು ಮಾಡ್ತೀರಿ?

ಅಡಿಕೆಯ ಮೇಲೆ ತೆರಿಗೆ ಹಾಕುವುದಿಲ್ಲ. ಸುರಿದವರಿಗೆ ದಂಡ ಅಂತ ಬೋರ್ಡ್ ಹಾಕಿದರೂ ಪ್ರಯೋಜನವಿಲ್ಲ, ಟ್ರ್ಯಾಕ್ಟರ್ ಬರುವುದು ನಡುರಾತ್ರಿ. ಠೇವಣಿ ಮಾಡುತ್ತೇನೆ. ದೊಡ್ಡ ಮಟ್ಟದಲ್ಲಿ ಸುಲಿಸುವ ಚೇಣಿದಾರರು (ಬೇರೆಯವರ ತೋಟದ ಬೆಳೆ ಗುತ್ತಿಗೆ ಹಿಡಿಯುವವರು) ಪಂಚಾಯಿತಿಯಲ್ಲಿ ಹೆಸರು ಬರೆಸಿ, ಸುಲಿಯುವ ಹಸಿ ಅಡಿಕೆಯ ಅಂದಾಜಿನ ಮೇಲೆ ಕ್ವಿಂಟಾಲಿಗೆ ಇಷ್ಟು ಅಂತ ಹಣ ಇಡಬೇಕು. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ, ಹಾಗಾಗಿ ಎಷ್ಟು ಸಿಪ್ಪೆ ಬರಬೇಕು ಅನ್ನುವುದು ಮೊದಲೇ ಗೊತ್ತಿರುತ್ತದೆ. ಗೊಬ್ಬರ ಮಾಡುವ ಜಾಗಕ್ಕೆ ಸಿಪ್ಪೆ ತಂದು ತೂಕದ ಚೀಟಿ ತೋರಿಸಿದರೆ ಅಷ್ಟಕ್ಕೆ ಅಷ್ಟು ವಾಪಸ್. ತಮ್ಮ ತೋಟದ ಅಡಿಕೆಯನ್ನು ಮನೆಯಲ್ಲೇ ಸುಲಿದು ಸಿಪ್ಪೆಯನ್ನು ಮರದ ಬುಡಕ್ಕೆ ಹಾಕುವ ಸಣ್ಣ ಬೆಳೆಗಾರರಿಗೆ ಇದು ಅನ್ವಯಿಸುವುದಿಲ್ಲ.

ಠೇವಣಿ ಎಷ್ಟಿರಬೇಕು? ಗೊಬ್ಬರದ ಜಾಗಕ್ಕೆ ಹೋಗಿ ಬರುವ ಟ್ರ್ಯಾಕ್ಟರ್ ಬಾಡಿಗೆಗಿಂತ ಸ್ವಲ್ಪ ಜಾಸ್ತಿ. ಕಮ್ಮಿ ಇಟ್ಟರೆ ರಸ್ತೆ ಬದಿಯೇ ಲಾಭ ಅನ್ನಿಸುತ್ತದೆ. ಅದಕ್ಕೇ ಜಾಗ ಹತ್ತಿರದಲ್ಲಿರಬೇಕು, ಹೋಬಳಿಗೆ ಒಂದಾದರೂ ಬೇಕು. ಇದೆಲ್ಲ ಅಡಿಕೆ ಗೊನೆ ಕೊಯ್ಲು ಶುರುವಾಗುವ ಮೊದಲೇ, ಮಳೆಗಾಲದಲ್ಲೇ ತಯಾರಾಗಬೇಕು. ಸುಲಿಯುವ ಯಂತ್ರ ಓಡಲು ಶುರುವಾದ ಮೇಲೆ ಯಾರಿಗೂ ಪಂಚಾಯಿತಿಗೆ ಬರಲು ಪುರುಸೊತ್ತು ಇರುವುದಿಲ್ಲ.